ಪಾಟಿಯ ಮೇಲೆ ಹತ್ತು ಅಂಕಿ

ಮೊನ್ನೆ ಹಾವೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಎರಡು ಟವೆಲ್ ಆರಿಸಿಕೊಂಡೆ. ಬಿಲ್ಲು ಮಾಡುವ ಹುಡುಗಿ ತಲೆ ಎತ್ತದೆಯೇ "ಮೊಬೈಲ್ ನಂಬರ್ ಹೇಳ್ರಿ ಮೇಡಂ" ಅಂದಳು.

"ಯಾಕ?"

"ಸಿಸ್ಟಮ್ ಕೇಳತೈತ್ರಿ."

"ನಿಮ್ಮ ಸಿಸ್ಟಮ್ ಏನ್ ನಮ್ಮ ಬೀಗರೇನವಾ? ರೊಕ್ಕ ಕೊಡಾಕತ್ತೇನಿ, ಟವೆಲ್ ಕೊಡು. ನಡುವ ನನ್ನ ನಂಬರ್ ಯಾಕ ಬೇಕು?"

ನನ್ನ ಹಿಂದೆ ನಿಂತಿದ್ದವರೊಬ್ಬರು "ಹತ್ತು ಅಂಕಿಗೆ ಎಷ್ಟ್ ಗದ್ಲಾ ಮಾಡ್ತಾರಪಾ" ಎಂದು ಗೊಣಗಿದರು. ನಾನು ಟವೆಲ್ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಬಂದೆ. ಮನೆಗೆ ಬಂದು ಮುಖ ತೊಳೆದು ಸೆರಗಿಗೇ ಒರೆಸಿಕೊಂಡೆ.

ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ, ಅದನ್ನು ನಾನೇನು ಮುಚ್ಚಿಡುವುದಿಲ್ಲ. ಆದರೆ ಹತ್ತು ಅಂಕಿ ಅಂದರೆ ಏನು ಮಹಾ ಎನ್ನುವವರಿಗೆ ಆ ಹತ್ತು ಅಂಕಿ ನನ್ನ ನೌಕರಿಯನ್ನೇ ನುಂಗಲು ಬಂದಿದ್ದವು ಎಂಬುದು ಗೊತ್ತಿಲ್ಲ. ಅದೇ ಸಿಟ್ಟಿನಲ್ಲಿ ನಾನು ಇನ್ನೊಬ್ಬರಿಗೆ ಏನು ಮಾಡಿದೆ ಎಂಬುದೂ ಗೊತ್ತಿಲ್ಲ. ಎರಡನ್ನೂ ಹೇಳಿಬಿಡುತ್ತೇನೆ.

ಎರಡು ಸಾವಿರದ ಆರು, ಏಳರ ಮಾತು. ನನಗಾಗ ಮೂವತ್ತು ದಾಟಿತ್ತು. ಮದುವೆ ಬೇಡ ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದೆ. ನಮ್ಮ ಮನೆ ರಾಣೇಬೆನ್ನೂರಿನಲ್ಲಿ. ಅವ್ವ ತೀರಿಕೊಂಡಿದ್ದಳು. ಅಪ್ಪ ಬೀಜದ ಗೋದಾಮಿನಲ್ಲಿ ಗುಮಾಸ್ತನಾಗಿದ್ದು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ. ಅಣ್ಣ ಮನೆಯ ಯಜಮಾನಿಕೆ ತಾನೇ ತೆಗೆದುಕೊಂಡಿದ್ದ, ಯಾರೂ ಕೊಟ್ಟಿರಲಿಲ್ಲ. ತಂಗಿಗೆ ಹಾವೇರಿಯ ಹುಡುಗನ ಜೊತೆ ಸಂಬಂಧ ಕೂಡಿಬಂದಿತ್ತು. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕದರಮಂಡಲಗಿಯಿಂದ ಆಚೆಯ ಒಂದು ಹಳ್ಳಿಯ ಸರಕಾರಿ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ನಾನು ಟೀಚರು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಅಕ್ಕೋರು. ಹಿರಿಯ ಮಾಸ್ತರರು ವರ್ಗವಾಗಿ ಹೋದಮೇಲೆ ಶಾಲೆಯ ಚಾರ್ಜೂ ನನ್ನ ತಲೆಗೇ ಬಂದಿತ್ತು.

ಪಾಠ ಮಾಡುವುದರಲ್ಲಿ ನಾನು ಬಲು ಕಟ್ಟುನಿಟ್ಟು. ಮಕ್ಕಳು ಹೆಸರು ಬರೆದರೆ ಬರೀ ಹೆಸರು ಬರೆಯಬಾರದು. ತಂದೆಯ ಹೆಸರು, ಓಣಿ, ಊರು, ತಾಲೂಕು, ಜಿಲ್ಲೆ, ಎಲ್ಲ ದುಂಡಗೆ ಪೂರ್ತಿ ಬರೆಯಬೇಕು. ಅರ್ಧ ಬರೆದವರ ಪಾಟಿ ಒರೆಸಿ ಮತ್ತೆ ಬರೆಸುತ್ತಿದ್ದೆ. ಬಸ್ಸಿನಲ್ಲಿ ಎಲ್ಲಿಯೋ ಕಳೆದುಹೋದರೆ ಯಾರಾದರೂ ಮನೆಗೆ ತಂದು ಮುಟ್ಟಿಸಲಿ ಎಂಬುದು ನನ್ನ ವಿಚಾರ. ಒಳ್ಳೆಯ ವಿಚಾರವೆಂದೇ ತಿಳಿದಿದ್ದೆ.

ಫೋನು ಕೊಂಡದ್ದು ಆ ಚಾರ್ಜಿನ ಕಾಟಕ್ಕೆ. ಬ್ಯಾಡಗಿಯ ಕಚೇರಿಯವರಿಗೆ ಇವತ್ತು ಮಕ್ಕಳ ಹಾಜರಿ ಬೇಕು, ನಾಳೆ ಬಿಸಿಯೂಟದ ಅಕ್ಕಿ ಎಷ್ಟಿದೆ ಬೇಕು. ಪ್ರತಿಯೊಂದಕ್ಕೂ ಬಸ್ಸಿಗೆ ಕಾದು ಬ್ಯಾಡಗಿಗೆ ಹೋಗಿ ಬರುವುದರೊಳಗೆ ಶಾಲೆ ಬಿಡುವ ಹೊತ್ತಾಗುತ್ತಿತ್ತು. ಬೂದು ಬಣ್ಣದ, ನೆತ್ತಿಯಲ್ಲಿ ಬ್ಯಾಟರಿ ದೀಪ ಉರಿಯುವ ಸಾದಾ ಫೋನು ತೆಗೆದುಕೊಂಡೆ. ನಮ್ಮ ಮನೆಗೆ ಬಂದ ಮೊದಲ ಫೋನು ಅದು. ಅಣ್ಣನಿಗಿಂತ ಮೊದಲು ನನ್ನ ಕೈಗೆ ಬಂದದ್ದು ಅವನಿಗೆ ಮೊದಲ ದಿನದಿಂದಲೂ ಚುಚ್ಚುತ್ತಿತ್ತು. ಅಪ್ಪನಿಗೆ ಮಾತ್ರ ಹಿಗ್ಗೋ ಹಿಗ್ಗು. ಓಣಿಯಲ್ಲಿ ಯಾರು ಎದುರಾದರೂ "ನಮ್ಮ ಮಗಳು ಫೋನ್ ತಗೊಂಡಾಳ" ಎಂದು ಕೇಳದಿದ್ದರೂ ಹೇಳುತ್ತಿದ್ದ.

ಸಿಮ್ಮಿಗೆ ಫಾರ್ಮು ತುಂಬಬೇಕು, ಫೋಟೋ ಹಚ್ಚಬೇಕು, ಮತದಾರರ ಚೀಟಿಯ ಝೆರಾಕ್ಸ್ ಕೊಡಬೇಕು. ಎಲ್ಲಿ ಸಹಿ ಮಾಡಬೇಕೋ ಅಲ್ಲೆಲ್ಲ ಅಂಗಡಿಯವ ಗುರುತು ಹಾಕಿಟ್ಟಿದ್ದ. ಓದಿ ಮಾಡುತ್ತೇನೆ ಅಂದೆ. ಇಷ್ಟು ವರ್ಷದಲ್ಲಿ ಓದುತ್ತೇನೆ ಅಂದವರು ನೀವೊಬ್ಬರೇ ಎಂದು ನಕ್ಕ. ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ನಾನೂ ಸೋತು ಸಹಿ ಮಾಡಿದೆ. ಆ ಫೋಟೋ, ಆ ಝೆರಾಕ್ಸು ಇವತ್ತು ಯಾವ ಗೋಣಿಚೀಲದಲ್ಲಿ ಬಿದ್ದಿದೆಯೋ, ಯಾರ ಕೈ ಹಾಯ್ದಿದೆಯೋ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆ ಹೊಸ ಮೊಬೈಲುಗಳ ಪುಟ ಬರುತ್ತಿತ್ತು. ಶಾಲೆಗೆ ಬರುತ್ತಿದ್ದ ಪೇಪರಿನಲ್ಲಿ ನಾನು ಅದನ್ನು ತಪ್ಪದೆ ಓದುತ್ತಿದ್ದೆ. ಇದಕ್ಕೆ ಕ್ಯಾಮೆರಾ ಇದೆ, ಅದಕ್ಕೆ ರೇಡಿಯೋ ಇದೆ, ಇನ್ನೊಂದು ಬಾಚಣಿಗೆಯಷ್ಟು ತೆಳ್ಳಗಿದೆ. ಜಗತ್ತೇ ಅಂಗೈಗೆ ಬಂದಿತು ಎಂದು ಬರೆದವರೇ ಬರೆದವರು. ಜಗತ್ತು ಅಂಗೈಗೆ ಬಂದಮೇಲೆ ನಮ್ಮ ಅಂಗೈ ಯಾರ್ಯಾರ ಕೈಗೆ ಹೋಯಿತು ಎಂದು ಕೇಳುವ ಒಂದು ಸಾಲೂ ಆ ಪುಟದಲ್ಲಿ ನಾನು ಕಾಣಲಿಲ್ಲ. ಗುರುತಿಲ್ಲದ ಗಂಡಸೊಬ್ಬ ಕರೆ ಮಾಡಿ ಏನೇನೋ ಅಂದರೆ ಹೆಣ್ಣುಮಗಳು ಏನು ಮಾಡಬೇಕು, ಅದನ್ನು ಯಾವ ಪಂಡಿತನೂ ಬರೆಯಲಿಲ್ಲ. ಬರೆಯುವವರೆಲ್ಲ ಗಂಡಸರೇ ಇದ್ದಿರಬೇಕು.

ನಾನು ಕರೆನ್ಸಿ ಹಾಕಿಸುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಒಂದು ಗಡಿಯಾರದ ಅಂಗಡಿಯಲ್ಲಿ. ಐವತ್ತೈದು ದಾಟಿದ ಸಾಹೇಬರು, ಬಿಳಿ ಗಡ್ಡ, ಕಣ್ಣಿಗೆ ಸಿಗಿಸಿಕೊಳ್ಳುವ ಭೂತಗನ್ನಡಿ ಸದಾ ಹಣೆಯ ಮೇಲೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮಂಥದ್ದೇ ಕನ್ನಡ. ಮೊಬೈಲು ಬಂದಮೇಲೆ ಜನ ಗಡಿಯಾರ ರಿಪೇರಿ ಮಾಡಿಸುವುದನ್ನೇ ಬಿಟ್ಟಿದ್ದರು. ತನ್ನ ಅನ್ನ ಕಸಿದ ವಸ್ತುವಿಗೇ ಕರೆನ್ಸಿ ಹಾಕಿ ಅನ್ನ ಹುಟ್ಟಿಸಿಕೊಂಡಿದ್ದರು ಅವರು.

ಉಳಿದ ಅಂಗಡಿಗಳಲ್ಲಿ ಒಂದು ಉದ್ದನೆಯ ವಹಿ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಬಂದವರು ಹೆಸರು, ನಂಬರು ಬರೆಯಬೇಕು. ಕೆಲಸವಿಲ್ಲದ ಗಂಡಸರು ಅದೇ ಗಲ್ಲೆಗೆ ಆತುಕೊಂಡು ನಿಂತು ಪುಟ ತಿರುವುತ್ತಿದ್ದರು. ಈ ಸಾಹೇಬರು ಮಾತ್ರ ಹೆಣ್ಣುಮಕ್ಕಳಿಗೆ ಪಾಟಿ ಕೊಡುತ್ತಿದ್ದರು. ಶಾಲೆಯ ಮಕ್ಕಳ ಕಟ್ಟಿಗೆ ಚೌಕಟ್ಟಿನ ಪಾಟಿ. ಅದರ ಮೇಲೆ ನಂಬರು ಬರೆಯಬೇಕು, ಅವರು ಒತ್ತುತ್ತಾರೆ, ನಮ್ಮ ಫೋನು ಟಿಣ್ ಎಂದ ಕೂಡಲೇ ಹಸಿ ಅರಿವೆಯಿಂದ ನಮ್ಮ ಎದುರಿಗೇ ಒರೆಸಿಬಿಡುತ್ತಾರೆ. ಯಾರೂ ಹೇಳಿಕೊಟ್ಟ ಪದ್ಧತಿಯಲ್ಲ ಅದು. ಒಮ್ಮೆ ಕೇಳಿದ್ದಕ್ಕೆ "ನಮ್ಮ ಮನ್ಯಾಗೂ ಹೆಣ್ಮಕ್ಳು ಅದಾರಲ್ರಿ ಅಕ್ಕೋರ" ಅಂದಿದ್ದರು. ಅಷ್ಟೇ.

ಬೇಸಿಗೆಯಲ್ಲಿ ತಂಗಿಯ ಮದುವೆಯಾಯಿತು. ಜೂನಿನಲ್ಲಿ ಶಾಲೆ ಶುರುವಾಗುವುದಕ್ಕೂ ಫೋನುಗಳು ಶುರುವಾಗುವುದಕ್ಕೂ ಸರಿಹೋಯಿತು.

ಮೊದಲು ಬರೀ ಮಿಸ್ ಕಾಲು. ಆಮೇಲೆ ದನಿ. "ಯಾರ್ರಿ ಮಾತಾಡೂದು?" ಎನ್ನುವರು. "ಹಚ್ಚಿದವರು ನೀವು, ನೀವ ಹೇಳ್ರಿ" ಎನ್ನುವೆ. "ಏನಿಲ್ಲ, ದನಿ ಚಲೋ ಐತಿ, ಹಿಂಗ ಮಾತಾಡೂಣು ಅಂತ" ಎಂದು ಹಿಹಿ ನಗುವರು. ಒಬ್ಬನಲ್ಲ, ಇಬ್ಬರಲ್ಲ. ದಿನಕ್ಕೊಂದು ಹೊಸ ನಂಬರು. ಒಬ್ಬನಿಗೆ ಉಗಿದು ಇಟ್ಟರೆ ಇನ್ನೊಬ್ಬ. ಗುಣಾಕಾರ ಹೇಳಿಕೊಡುವಾಗ ಮೇಜಿನ ಮೇಲೆ ಫೋನು ಗುರುಗುಟ್ಟುವುದು, ಮುಂದಿನ ಸಾಲಿನ ಮಕ್ಕಳು "ಅಕ್ಕೋರ, ಮತ್ತ ಬಂತ್ರಿ" ಎಂದು ಕೂಗುವುದು. ಬಸ್ಸಿನಲ್ಲಿ ಬಂದರೆ ಪಕ್ಕದಲ್ಲಿ ಕೂತವರು ಕಿವಿ ನಿಮಿರಿಸಿ ಕೇಳುವುದು. ಕಚೇರಿಯ ಫೋನು ಯಾವುದು, ಈ ಹಲ್ಕಟ್ಟುಗಳ ಫೋನು ಯಾವುದು, ಎತ್ತದೆ ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ನಾನು ಬಟ್ಟೆ ಒಗೆಯುತ್ತಿದ್ದಾಗ ಅಣ್ಣನೇ ಎತ್ತಿದ. ಆ ಕಡೆಯವ ಏನಂದನೋ, ಅಣ್ಣ ಹಿತ್ತಲಿಗೆ ಬಂದು ನಿಂತ. ಮುಖ ಕೆಂಡವಾಗಿತ್ತು.

"ಯಾರಾಂವ?"

"ನನಗೇನ್ ಗೊತ್ತು?"

"ಗೊತ್ತಿಲ್ಲದಾಂವ ನಿನಗ ಯಾಕ ಹಚ್ತಾನ?"

ಅವನಿಗೆ ಬೈಯುವುದು ಬಿಟ್ಟು ನನ್ನನ್ನೇ ಕೇಳಿದ. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಕಲ್ಲಿಗೆ ಒಗೆದೆ. ಎಷ್ಟು ಜೋರಾಗಿ ಒಗೆದೆನೆಂದರೆ ಅವನ ಅಂಗಿಗೆಲ್ಲ ಸಬಕಾರದ ನೀರು ಸಿಡಿಯಿತು.

"ನೋಡ, ಶ್ರಾವಣ ಹತ್ತೂದ್ರೊಳಗ ಈ ಫೋನ್ ಬಂದ್ ಆಗಬೇಕು. ಇಲ್ಲಾಂದ್ರ ಫೋನ್ ನನ್ನ ಕಡೆ ಇರತೈತಿ. ಆ ಹಳ್ಳಿ ನೌಕರಿನೂ ಸಾಕು. ಊರಾಗ ವರ್ಗಾ ಸಿಕ್ರ ಮಾಡು, ಇಲ್ಲಾ ಬಿಟ್ಟು ಮನ್ಯಾಗ ಕುಂದ್ರು. ತಂಗಿ ಮಾವನ ಮನೀಗೂ ಸುದ್ದಿ ಮುಟ್ಟೈತಿ ಗೊತ್ತೈತೇನ?"

ಅಪ್ಪ ಪಡಸಾಲೆಯಲ್ಲಿ ಬಸಿಗೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ನನ್ನ ಪರವಾಗಿ ಒಂದು ಮಾತಾಡುತ್ತಾನೆ ಎಂದು ಕಾದೆ. ಆತ ಬಸಿಯಿಂದ ಕಣ್ಣೇ ಎತ್ತಲಿಲ್ಲ.

ಫೋನು ಹೋದರೆ ಶಾಲೆ ಹೋಗುತ್ತದೆ, ಶಾಲೆ ಹೋದರೆ ನಾನು ಅಣ್ಣನ ಅಡುಗೆಮನೆಯಲ್ಲಿ ಕೂರುವುದೇ ಸೈ. ನನ್ನ ಮುಂದಿದ್ದದ್ದು ಇಷ್ಟು. ಕಂಪನಿಯ ಸಹಾಯದ ನಂಬರಿಗೆ ಹಚ್ಚಿದೆ. ಕನ್ನಡಕ್ಕೆ ಒಂದು ಒತ್ತಿ, ಹಾಡಿಗೆ ಎರಡು ಒತ್ತಿ ಎಂದು ಬಹಳ ಹೊತ್ತು ಕುಣಿಸಿದ ಮೇಲೆ ಒಬ್ಬ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, ತೊಂದರೆ ಇದ್ದರೆ ನಂಬರ್ ಬದಲಿಸಿಕೊಳ್ಳಿ ಮೇಡಂ ಅಂದಳು. ಶಾಲೆಯ ಜೊತೆಗಾತಿಯೂ ಅದನ್ನೇ ಅಂದಳು. ಅಲ್ಲ, ಕಳ್ಳ ಮನೆಗೆ ನುಗ್ಗಿದ ಅಂದರೆ ಮನೆ ಬದಲಿಸಿ ಅಂತೀರೇನು? ಆ ನಂಬರು ಕಚೇರಿಯಲ್ಲಿದೆ, ಮಕ್ಕಳ ತಾಯಂದಿರ ಹತ್ತಿರ ಇದೆ. ನಾನು ಯಾವ ತಪ್ಪು ಮಾಡಿದ್ದೇನೆಂದು ಬದಲಿಸಲಿ? ಬದಲಿಸುವುದಿಲ್ಲ ಅಂದೆ. ಎಲ್ಲಿಂದ ಸೋರಿತು ಎಂದು ಹಿಡಿಯುತ್ತೇನೆ ಅಂದೆ.

ಸೋರಿದ್ದು ಎಲ್ಲಿಂದ ಎಂದು ವಿಚಾರ ಮಾಡಿದೆ. ತಿಂಗಳಿಗೆ ಎರಡು ಸಲ ನಂಬರು ಬರೆದುಕೊಡುವ ಜಾಗ ಒಂದೇ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ನೆಟ್ಟಗೆ ಗಡಿಯಾರದ ಅಂಗಡಿಗೆ ಹೋದೆ. ಮೂರ್ನಾಲ್ಕು ಹೆಂಗಸರು ನಿಂತಿದ್ದರು. ಒಬ್ಬರ ಜೊತೆ ಕಾಲೇಜಿಗೆ ಹೋಗುವ ಮಗಳು, ಪಾಟಿಯ ಮೇಲೆ ಆಗಷ್ಟೇ ಬರೆಯುತ್ತಿದ್ದಳು. ಅಷ್ಟು ಮಂದಿಯ ಎದುರಿಗೇ ಶುರುಮಾಡಿದೆ.

"ಏನ್ರಿ ಸಾಹೇಬ್ರ, ನನ್ನ ನಂಬರ್ ಎಷ್ಟ್ ಮಂದಿಗೆ ಹಂಚೀರಿ?"

ಅವರು ಭೂತಗನ್ನಡಿ ಹಣೆಗೆ ಸರಿಸಿದರು. "ಏನಾತ್ರಿ ಅಕ್ಕೋರ? ಕುಂದ್ರಿ, ನೀರ್ ಕುಡೀರಿ."

"ನೀರ್ ಬ್ಯಾಡ. ಊರಾಗಿನ ಪೋಲಿಗಳೆಲ್ಲಾ ನನಗ ಫೋನ್ ಹಚ್ಚಾಕತ್ತಾರ. ನಿಮ್ಮನ್ನ ಬಿಟ್ರ ನಂಬರ್ ಬರದು ಕೊಟ್ಟಿದ್ದು ಎಲ್ಲೂ ಇಲ್ಲ."

"ಪಾಟಿ ನಿಮ್ಮ ಕಣ್ಣ ಮುಂದ ಒರಸ್ತೇನಲ್ರಿ."

"ಒರಸೂದು ನಾಟಕಾ! ನಾವು ಆ ಕಡೆ ಹೋದ ಕೂಡಲೆ ಒಳಗ ಬರಕೋತೀರಿ."

"ಅಕ್ಕೋರ," ಅಂದರು ಸಾಹೇಬರು, ದನಿ ಏರಿಸದೆ. "ನನಗ ಈಗ ಗಡಿಯಾರದ ಮುಳ್ಳ ಕಾಣಂಗಿಲ್ಲ. ನಿಮ್ಮ ಹತ್ತು ಅಂಕಿ ಎಲ್ಲಿ ನೆಪ್ಪಿಡ್ಲಿ? ಅಲ್ಲಾನ ಆಣಿ, ನಾ ಕೊಟ್ಟಿಲ್ಲ."

"ಆಣಿ ಮಾಡಿದ್ರ ಮುಗೀತೇನ? ಚಂದಂಗ ಗಡ್ಡ ಬಿಟ್ಕೊಂಡು ಈ ಉದ್ಯೋಗಾ ಮಾಡ್ತೀರಿ, ನಾಚಿಕಿ ಆಗಬೇಕು!"

ಗಡ್ಡದ ಮಾತು ಆಡಬಾರದಿತ್ತು. ಆಡಿದೆ. ಆ ಕಾಲೇಜು ಹುಡುಗಿಯ ತಾಯಿ ಮಗಳ ಕೈಯಿಂದ ಪೆನ್ಸಿಲ್ ಕಿತ್ತಿಟ್ಟು, ಪಾಟಿಯನ್ನು ತನ್ನ ಸೆರಗಿನಿಂದಲೇ ಉಜ್ಜಿ ಒರೆಸಿ, ಮಗಳನ್ನು ಎಳೆದುಕೊಂಡು ಹೋದಳು. ಉಳಿದವರೂ ಒಬ್ಬೊಬ್ಬರೇ ಜಾರಿದರು. ನಾನು ಅಷ್ಟಕ್ಕೇ ಬಿಟ್ಟೆನೇ? ಬ್ಯಾಡಗಿಯಲ್ಲಿ ನಡೆದ ಶಿಕ್ಷಕರ ಸಭೆಯಲ್ಲಿ ಹೇಳಿದೆ. ದಿನಾ ಬಸ್ಸಿಗೆ ಬರುವ ನರ್ಸಬಾಯಿಗೆ ಹೇಳಿದೆ, ಓಣಿಯಲ್ಲಿ ಹೇಳಿದೆ. ಆ ಅಂಗಡಿಗೆ ಮಾತ್ರ ಹೋಗಬ್ಯಾಡ್ರಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಹೇಳಿ ಹೇಳಿ ನನಗೆ ಒಂದು ಥರಾ ಸಮಾಧಾನವೂ ಆಯಿತು.

ಫೋನು ಮಾತ್ರ ನಿಲ್ಲಲಿಲ್ಲ.

ಶ್ರಾವಣಕ್ಕೆ ಇನ್ನು ನಾಲ್ಕು ದಿನವಿತ್ತು. ಬ್ಯಾಡಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಲ್ಲೊಂದು ಟ್ರ್ಯಾಕ್ಟರು ಮೆಣಸಿನಕಾಯಿ ಚೀಲ ಹೇರಿಕೊಂಡು ನಿಂತಿತ್ತು, ಎಲ್ಲರೂ ಸೀನುತ್ತಿದ್ದರು, ನನ್ನ ಕಣ್ಣಲ್ಲೂ ನೀರು. ಫೋನು ಬಂತು. ಗುರುತಿಲ್ಲದ ನಂಬರು. ಎತ್ತಿದವಳೇ ಆ ಕಡೆಯವರ ಮಾತಿಗೂ ಕಾಯದೆ ಒದರಿದೆ.

"ಏನಪಾ, ನಿನಗೇನ್ ಅಕ್ಕತಂಗ್ಯಾರ ಇಲ್ಲೇನ?"

ಆ ಕಡೆಯಿಂದ ಮುದುಕರ ದನಿಯೊಂದು ಬಲು ಮರ್ಯಾದೆಯಿಂದ ಹೇಳಿತು: "ಅದಾರ್ರಿ ಯವ್ವಾ, ಇಬ್ಬರು ತಂಗ್ಯಾರು. ಅದಕ್ಕ ಫೋನ್ ಹಚ್ಚೇನಿ. ಸಣ್ಣಾಕಿ ಮಗಳ ಮದಿವಿ ಐತಿ, ನೂರು ಬಟ್ಟಲಾ ಬೇಕಾಗಿದ್ವು. ಎಷ್ಟಕ್ಕ ಕೊಡ್ತೀರಿ?"

"ಯಾವ ಬಟ್ಟಲಾರಿ?"

"ಸ್ಟೀಲಿನ ಬಟ್ಟಲಾರಿ. ಇಲ್ಲೆ ಕೈಯಾಗ ಹಿಡಕೊಂಡೇನಿ. ಬುಡಕ ನಿಮ್ಮ ಅಂಗಡಿ ನಂಬರ್ ಕೊರದೀರಲ್ಲ, ಅದನ್ನ ನೋಡೇ ಹಚ್ಚೇನಿ. ಹಾವೇರಿಯಿಂದ ಮಾತಾಡಾಕತ್ತೇನಿ. ಮೊನ್ನಿ ಬ್ಯಾಸಗ್ಯಾಗ ನಮ್ಮ ಓಣಿ ಹುಡುಗನ ಮದಿವ್ಯಾಗ ಕೊಟ್ಟಿದ್ರು."

ಬಸ್ಸು ಬಂತು, ಹತ್ತಲಿಲ್ಲ. ಆ ಹಿರಿಯರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ನಮ್ಮ ಕಡೆ ಭಾಂಡೆಗೆ ಹೆಸರು ಹಾಕಿಸದೆ ಬಿಡುವುದಿಲ್ಲ. ಲೋಟವಿರಲಿ, ಕೊಡವಿರಲಿ, ಕೊಂಡ ಅಂಗಡಿಯಲ್ಲೇ ಟರ್ರೆನ್ನುವ ಮಿಶನ್ನಿನಿಂದ ಹೆಸರು ಕೊರೆಸಿಕೊಂಡೇ ಹೊರಬರುತ್ತೇವೆ. ಮದುವೆಗೆ ಬಂದವರಿಗೆ ಕೊಡುವ ಬಟ್ಟಲಿನ ಮೇಲೆ ಮದುಮಕ್ಕಳ ಹೆಸರು. ತಂಗಿಯ ಮದುವೆಗೆ ಬಟ್ಟಲು ತರುವ ಕೆಲಸ ಅಪ್ಪನದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಯೇ ತಂದಿದ್ದ. ಊಟ ಮುಗಿಸಿ ಹೊರಟವರಿಗೆಲ್ಲ ಎಲೆ ಅಡಿಕೆಯ ಜೊತೆ ಬಟ್ಟಲು ಕೊಡುತ್ತ ಬಾಗಿಲಲ್ಲಿ ನಿಂತಿದ್ದವಳು ನಾನು. ರಾಣೇಬೆನ್ನೂರು, ಹಾವೇರಿ, ಬ್ಯಾಡಗಿ, ಗುತ್ತಲ, ಎಲ್ಲಿಂದ ಬಂದವರಿಗೂ ನನ್ನ ಕೈಯಾರೆ, ನಗುನಗುತ್ತ, ಕೈಮುಗಿದು, ನನ್ನ ನಂಬರು ಹಂಚಿದ್ದೆ.

ಮನೆಗೆ ಬಂದು ಅಟ್ಟ ಹತ್ತಿದೆ. ಉಳಿದ ಬಟ್ಟಲುಗಳ ಡಬ್ಬಿ ಅಲ್ಲೇ ಇತ್ತು. ಒಂದನ್ನು ಬಿಚ್ಚಿ ನೋಡಿದೆ. ಕಂಠದ ಸುತ್ತ ತಂಗಿಯ ಹೆಸರು, ಅವಳ ಗಂಡನ ಹೆಸರು. ಬೋರಲು ಹಾಕಿದೆ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ಹತ್ತು ಅಂಕಿ, ಒಂದೂ ತಪ್ಪಿಲ್ಲದೆ. ಇಳಿದು ಬಂದು ಅಪ್ಪನ ಮುಂದೆ ಕುಕ್ಕಿದೆ. ಬಟ್ಟಲು ಗಿರಗಿರ ತಿರುಗಿ ನಿಂತಿತು.

"ಇದೇನಪಾ ಇದು?"

ಅಪ್ಪ ಬಟ್ಟಲನ್ನು ಮುಟ್ಟಲಿಲ್ಲ. "ಹೆಸರು ಹಾಕಿದ ಮ್ಯಾಲೆ ಮಿಶನ್ನಿನಾಂವ, ಇನ್ನ ಏನರ ಹಾಕೂದೈತೇನ್ರಿ ಅಂದನವಾ. ನಮ್ಮ ಮನ್ಯಾಗೂ ಫೋನ್ ಬಂದೈತಿ, ನನ್ನ ಮಗಳ ತಗೊಂಡಾಳ ಅಂತ ಮಂದಿಗೆ ಗೊತ್ತಾಗ್ಲಿ ಅಂತ..."

"ನನ್ನ ಒಂದು ಮಾತು ಕೇಳಬೇಕು ಅನಸಲಿಲ್ಲೇನ?"

"ನಿನಗ ಖುಷಿ ಆಗತೈತಿ ಅಂತ ತಿಳದಿದ್ನಿ."

"ಅವತ್ತ ಅಣ್ಣ ನನ್ನ ನಿಲ್ಲಿಸಿ ಕೇಳಾಕತ್ತಿದ್ದಾಗ ಚಾ ಕುಡಕೋತ ಕುಂತಿದ್ದೆಲ್ಲ, ಆವಾಗರ ಇದು ನೆಪ್ಪಾಗಲಿಲ್ಲೇನ?"

ಅಪ್ಪ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆಗಿತ್ತು" ಅಂದ.

ಅಷ್ಟು ದಿನ ಬಂದ ಫೋನುಗಳೆಲ್ಲ ಸೇರಿ ಮಾಡದ ಗಾಯವನ್ನು ಆ ಒಂದು ಮಾತು ಮಾಡಿತು. ಗೊತ್ತಿದ್ದೂ ಸುಮ್ಮನೆ ಕೂತಿದ್ದ. ಮಗನಿಗೆ ಅಂಜಿ ಕೂತಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಓಣಿಯವರು ಕಿಟಕಿಗೆ ಬಂದರು, ಬರಲಿ ಅಂದೆ. ಸಂಜೆ ಅಣ್ಣ ಬಂದಾಗ ಅವನ ತಾಟಿನ ಪಕ್ಕಕ್ಕೆ ಅದೇ ಬಟ್ಟಲು ಬೋರಲು ಇಟ್ಟೆ. "ಓದು. ಗೊತ್ತಿಲ್ಲದಾಂವ ಯಾಕ ಹಚ್ತಾನ ಅಂತ ಕೇಳಿದ್ದೆಲ್ಲ, ಓದಿ ಹೇಳು." ಓದಿದ. ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. "ಆದ್ರೂ ನಂಬರ್ ಬದಲಿ ಮಾಡೂದು ಚಲೋ" ಅಂದ. ಮಾಡುವುದಿಲ್ಲ ಅಂದೆ. ಶ್ರಾವಣ ಬಂತು, ಹೋಯಿತು. ನನ್ನ ಫೋನನ್ನು ಅವನು ಮುಟ್ಟಲಿಲ್ಲ, ನೌಕರಿಯ ಮಾತನ್ನೂ ಎತ್ತಲಿಲ್ಲ.

ಅಪ್ಪ ಮಾತ್ರ ಮರುದಿನವೇ ಕೈಚೀಲದಲ್ಲಿ ಒಂದು ಮೊಳೆ, ಒಂದು ಸುತ್ತಿಗೆ ಇಟ್ಟುಕೊಂಡು ಬಸ್ಸು ಹತ್ತಿದ. ನೆಂಟರ ಮನೆಗೆ ಹೋಗಿ, ಬಟ್ಟಲು ಕೇಳಿ, ಕೊನೆಯ ಎರಡು ಅಂಕಿಗಳನ್ನು ಕುಟ್ಟಿ ಅಳಿಸಿ ಬರುವುದು. ಗುತ್ತಲದ ಚಿಗವ್ವ ಬಟ್ಟಲು ಕೊಡಲೇ ಇಲ್ಲವಂತೆ. "ಮದಿವ್ಯಾಗ ಕೊಟ್ಟ ಸಾಮಾನಿಗೆ ಯಾರರ ಮೊಳಿ ಹೊಡೀತಾರೇನ ಮಾವ? ಹುಡುಗಿ ಸಂಸಾರಕ್ಕ ಚಲೋ ಅಲ್ಲ" ಎಂದು ಬಾಗಿಲಿಂದಲೇ ಕಳಿಸಿದಳಂತೆ. ಏಳೆಂಟು ಮನೆ ಸುತ್ತಿ ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡು ಬಂದ. ಅರಿಸಿನ ಹಚ್ಚಿಕೊಟ್ಟೆ. ಮಾತಾಡಿಸಲಿಲ್ಲ.

ಫೋನು ಹಚ್ಚಿದವರಿಗೆಲ್ಲ ನಾನೊಂದು ಉತ್ತರ ಕಟ್ಟಿಟ್ಟುಕೊಂಡೆ. "ಯಾರ ಮನಿ ಬಟ್ಟಲಾ ನೋಡಿ ಹಚ್ಚೀರಿ? ಆ ಮನ್ಯಾಗಿನ ಹಿರ್ಯಾರಿಗೆ ಫೋನ್ ಕೊಡ್ರಿ." ಅರ್ಧ ಮಂದಿ ಅಷ್ಟಕ್ಕೇ ಇಟ್ಟು ಓಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಫೋನುಗಳು ನಿಂತುಹೋದವು.

ಸಾಹೇಬರ ಅಂಗಡಿಗೆ ನಾನು ಕೂಡಲೇ ಹೋಗಬೇಕಿತ್ತು. ಬೈಯುವುದಕ್ಕೆ ಶನಿವಾರ ಮಧ್ಯಾಹ್ನ ಓಡಿಹೋದವಳಿಗೆ ತಪ್ಪಾಯಿತು ಅನ್ನುವುದಕ್ಕೆ ಕಾಲೇ ಏಳಲಿಲ್ಲ. ಬ್ಯಾಡಗಿಯಲ್ಲೇ ಕರೆನ್ಸಿ ಹಾಕಿಸಿಕೊಂಡು, ಆ ಗಲ್ಲಿ ತಪ್ಪಿಸಿ ಸುತ್ತುಹಾಕಿ ಮನೆಗೆ ಬರುತ್ತಿದ್ದೆ. ಹೀಗೆ ನಾಲ್ಕು ತಿಂಗಳು ತಲೆ ತಪ್ಪಿಸಿಕೊಂಡೆ. ಹೇಡಿತನಕ್ಕೆ ಬೇರೆ ಹೆಸರು ಯಾಕೆ? ದೀಪಾವಳಿ ಕಳೆದಮೇಲೆ ಒಂದು ಭಾನುವಾರ ಹೋದೆ. ಹೋಗುವಾಗ ಅಟ್ಟದ ಬಟ್ಟಲೊಂದನ್ನು ಒಯ್ದು ಗಲ್ಲೆಯ ಮೇಲಿಟ್ಟೆ.

"ಈ ಬಟ್ಟಲದಿಂದ ಹೋಗಿತ್ರಿ ನನ್ನ ನಂಬರ್. ನಮ್ಮ ಅಪ್ಪನ ಕೆಲಸ. ನಿಮಗ ಬಾಯಿಗೆ ಬಂದಂಗ ಅಂದ್ನಿ. ತಪ್ಪಾತ್ರಿ."

ಸಾಹೇಬರು ಭೂತಗನ್ನಡಿ ಕಣ್ಣಿಗೆ ಸಿಗಿಸಿಕೊಂಡು ತಳದ ಅಂಕಿಗಳನ್ನು ನೋಡಿದರು. "ಮಿಶನ್ ಚಲೋ ಹೊಡದಾನ" ಅಂದರು. ನಗಲಿಲ್ಲ.

"ಕರೆನ್ಸಿ ಹಾಕ್ರಿ" ಅಂದೆ, ಇನ್ನೇನು ಮಾತಾಡಬೇಕೋ ತಿಳಿಯದೆ.

ಅವರು ಗಲ್ಲೆಯ ಕೆಳಗಿಂದ ತೆಗೆದಿಟ್ಟದ್ದು ಒಂದು ಉದ್ದನೆಯ ವಹಿ. ದಾರದಲ್ಲಿ ಕಟ್ಟಿದ ಪೆನ್ನು. "ಬರೀರಿ."

"ಪಾಟಿ ಎಲ್ಲಿರಿ?"

"ಮೊಮ್ಮಗಳಿಗೆ ಕೊಟ್ನಿ. ಪಾಟಿ ಇಟ್ರ ಏನೋ ಐತಿ ಅಂತ ಸಂಶೇ ಪಡ್ತೀರಿ ಅಕ್ಕೋರ. ಒರಸಿದ್ರ ನಾಟಕಾ ಅಂತೀರಿ. ಎಲ್ಲಾ ಅಂಗಡ್ಯಾಗ ವಹಿ ಐತಿ, ಅಲ್ಲಿ ಯಾರೂ ಕೇಳಂಗಿಲ್ಲ. ನಾನೂ ವಹಿ ಇಟ್ನಿ. ಈಗ ನನಗೂ ಯಾರೂ ಕೇಳಂಗಿಲ್ಲ."

ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ವಹಿಯನ್ನು ತನ್ನ ಕಡೆ ಎಳೆದುಕೊಂಡು ಹೆಸರು, ನಂಬರು ಬರೆದು ಹೋದಳು. ಆಕೆಯ ಹಿಂದೆಯೇ ನಿಂತವನು ಅದನ್ನು ಆರಾಮಾಗಿ ಓದಿದ.

ನಾನು ಕರೆನ್ಸಿ ಹಾಕಿಸಲಿಲ್ಲ. ನೆಟ್ಟಗೆ ಪೇಟೆಗೆ ಹೋಗಿ ಕಟ್ಟಿಗೆ ಚೌಕಟ್ಟಿನ ಹೊಸ ಪಾಟಿ, ಒಂದು ಡಬ್ಬಿ ಪೆನ್ಸಿಲ್ ತಂದು ಅವರ ಮುಂದಿಟ್ಟೆ. ಸಾಹೇಬರು ಬಹಳ ಹೊತ್ತು ಗಡಿಯಾರ ಬಿಚ್ಚುತ್ತಲೇ ಇದ್ದರು. ನಾನು ನಿಂತೇ ಇದ್ದೆ.

"ಇಡ್ರಿ," ಅಂದರು ಕೊನೆಗೆ. "ಆದ್ರ ಒರಸೂದು ಬರದಾಕಿ ಕೆಲಸ. ನಾ ಇನ್ನ ಆ ಅರಿವಿ ಮುಟ್ಟಂಗಿಲ್ಲ."

"ಆತ್ರಿ. ಮತ್ತ ಆ ವಹಿ ನನಗ ಕೊಡ್ರಿ."

"ಒಯ್ರಿ. ಪುಣ್ಯಾ ಬರಲಿ."

ಯಾರ್ಯಾರಿಗೆ ಆ ಅಂಗಡಿಯ ಬಗ್ಗೆ ಹೇಳಿದ್ದೆನೋ ಅವರೆಲ್ಲರಿಗೂ ಹೋಗಿ ಮತ್ತೆ ಹೇಳಿದೆ. ನರ್ಸಬಾಯಿ ನಂಬಿದಳು. ಸಭೆಯಲ್ಲಿ ಕೇಳಿದವರಲ್ಲಿ ಅರ್ಧ ಜನ, ನೀವೀಗ ಅವನ ಪರ ಯಾಕೆ ಮಾತಾಡುತ್ತೀರಿ ಎಂದು ನನ್ನನ್ನೇ ಒಂಥರಾ ನೋಡಿದರು. ಆ ಕಾಲೇಜು ಹುಡುಗಿಯ ತಾಯಿ ಯಾರೆಂದು ನನಗೆ ಗೊತ್ತೇ ಇರಲಿಲ್ಲ. ಆಕೆಗೆ ಇವತ್ತಿಗೂ ಸಾಹೇಬರು ಕೆಟ್ಟವರೇ.

ಆ ಭಾನುವಾರವೇ ವಹಿಯನ್ನು ಬಚ್ಚಲ ಒಲೆಗೆ ಹಾಕಲು ಕೂತೆ. ಹಿಂದಿನ ಪುಟದಿಂದ ಒಂದೊಂದೇ ಹರಿದು ಹಾಕುತ್ತ ಬಂದೆ. ನಾಲ್ಕು ತಿಂಗಳು, ನೂರಾರು ಹೆಂಗಸರು. ಬರೀ ನಂಬರು ಬರೆದವರು ಕೆಲವರು, ಹೆಸರನ್ನೂ ಬರೆದವರು ಕೆಲವರು. ಮೊದಲ ಪುಟಕ್ಕೆ ಬಂದಾಗ ಮೇಲ್ಗಡೆ ಸಾಹೇಬರ ಅಕ್ಷರದಲ್ಲಿ ತಾರೀಖಿತ್ತು. ನಾನು ಕೂಗಾಡಿ ಬಂದೆನಲ್ಲ, ಅದರ ಮರುದಿನದ್ದು. ಅದರ ಕೆಳಗೆ ಮೊದಲನೆಯ ಸಾಲಿನಲ್ಲಿ ದುಂಡನೆಯ ಅಕ್ಷರ. ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಶಾಲೆಯಲ್ಲಿ ಏಳನೆಯವರೆಗೆ ಓದಿ, ಈಗ ರಾಣೇಬೆನ್ನೂರಿನಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುತ್ತಿದ್ದ ಹುಡುಗಿ. ಹೆಸರು, ತಂದೆಯ ಹೆಸರು, ಓಣಿ, ಊರು, ತಾಲೂಕು, ಜಿಲ್ಲೆ, ಆಮೇಲೆ ನಂಬರು. ಎಲ್ಲರೂ ಒಂದು ಸಾಲು ಬರೆದಿದ್ದರೆ ಅವಳು ಮೂರು ಸಾಲು ಬರೆದಿದ್ದಳು. ಪೂರ್ತಿ. ನಾನು ಕಲಿಸಿದ ಹಾಗೆಯೇ.

ಆ ಹಾಳೆ ಉರಿದು ಬೂದಿಯಾಗುವವರೆಗೂ ಒಲೆಯ ಮುಂದೆ ಕೂತಿದ್ದೆ. ಅಷ್ಟು ದಿನ ಅಪ್ಪನ ಮೇಲೆ, ಅಣ್ಣನ ಮೇಲೆ, ಕಂಪನಿಯ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಂತು.

ಮರುದಿನ ಪ್ರಾರ್ಥನೆ ಮುಗಿದಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡೆ. "ಇನ್ನ ಮ್ಯಾಲೆ ಯಾರರ ನಿಮ್ಮ ಹೆಸರು, ಊರು, ನಂಬರ್ ಬರೀರಿ ಅಂದ್ರ ಲಗೂನ ಬರದು ಕೊಡಬ್ಯಾಡ್ರಿ. ಮೊದಲ 'ಯಾಕ?' ಅಂತ ಕೇಳ್ರಿ. ಗಟ್ಟಿಯಾಗಿ ಕೇಳ್ರಿ."

ಐದನೆಯ ಇಯತ್ತೆಯ ಒಬ್ಬ ಹುಡುಗಿ, ದಿನಾ ಅರ್ಧ ವಿಳಾಸ ಬರೆದು ನನ್ನಿಂದ ಬೈಸಿಕೊಳ್ಳುತ್ತಿದ್ದವಳು, ಎದ್ದು ನಿಂತಳು.

"ಅಕ್ಕೋರ, ನೀವು ಬರೀರಿ ಅಂದ್ರೂ ಯಾಕ ಅಂತ ಕೇಳಬೇಕೇನ್ರಿ?"

"ನಾ ಅಂದ್ರೂ ಕೇಳಬೇಕು" ಅಂದೆ.